ಸಾವಿಲ್ಲದವನ ಅಳಲು

ಭಯವನ್ನು ಬಯಸುವವರಿಲ್ಲ, ಆದರೆ ಭಯದ ಕಥೆಯನ್ನು ಬಯಸದವರು ವಿರಳ. ಮಳೆಗಾಲದ ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಹುಣಸೆಮರದ ದೆವ್ವದ ಕಥೆಯನ್ನು ಕೇಳುವ ಮಗು ನಡುಗುತ್ತದೆ, ಆದರೂ 'ಮುಂದೇನಾಯಿತು?' ಎಂದು ಕೇಳದೆ ಬಿಡುವುದಿಲ್ಲ. ಯುರೋಪಿನ ಜನಪದರಲ್ಲಿ ಇಂತಹ ಭಯವು ತಳೆದ ಒಂದು ರೂಪವೇ 'ವ್ಯಾಂಪೈರ್' ಎಂಬ ರಕ್ತಪಿಪಾಸು ಪ್ರೇತ. ಸತ್ತವನು ಇರುಳಿನಲ್ಲಿ ಗೋರಿಯಿಂದೆದ್ದು ಬಂದು, ಬದುಕಿರುವವರ ರಕ್ತವನ್ನು ಹೀರಿ, ತಾನು ಅಳಿಯದೆ ಉಳಿಯುತ್ತಾನೆಂಬುದು ಅವರ ನಂಬಿಕೆಯಾಗಿತ್ತು.

ಐರ್ಲೆಂಡಿನ ಲೇಖಕ ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ಕಾದಂಬರಿಯು ಈ ಪ್ರೇತವನ್ನು ಜಗತ್ಪ್ರಸಿದ್ಧಗೊಳಿಸಿತು. ದಿನಚರಿ ಹಾಗೂ ಪತ್ರಗಳ ರೂಪದಲ್ಲಿರುವ ಆ ಕೃತಿಯಲ್ಲಿ ಕಥೆಯನ್ನು ಹೇಳುವವರು ಡ್ರಾಕುಲಾನಿಗೆ ಅಂಜಿ, ಅವನನ್ನು ಎದುರಿಸಿದ ಮನುಷ್ಯರು. ಓದುಗನು ಅವರ ಪಕ್ಕದಲ್ಲಿಯೇ ನಿಂತು ಆ ಪ್ರೇತವನ್ನು ದೂರದಿಂದ ನೋಡುತ್ತಾನೆ. ಅದರ ನಾಶವನ್ನೇ ಹಾರೈಸುತ್ತಾನೆ.

ಸುಮಾರು ಎಂಬತ್ತು ವರ್ಷಗಳ ಅನಂತರ, 1976ರಲ್ಲಿ, ಅಮೆರಿಕದ ಲೇಖಕಿ ಆನ್ ರೈಸ್ ಈ ದೃಷ್ಟಿಯನ್ನೇ ಬದಲಿಸಿದರು. ಅವರ ಮೊದಲ ಕಾದಂಬರಿಯ ಹೆಸರು 'ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್'. ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಕೋಣೆ, ರಾತ್ರಿಯ ಸಮಯ. ಯುವಕನೊಬ್ಬನು ಟೇಪ್ ರೆಕಾರ್ಡರನ್ನು ಮುಂದಿಟ್ಟುಕೊಂಡು ಕುಳಿತಿದ್ದಾನೆ. ಅವನೆದುರಿಗೆ ಲೂಯಿ ಎಂಬ ವ್ಯಾಂಪೈರ್ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಿದ್ದಾನೆ.

1791ರಲ್ಲಿ ಲೂಯಿ ಲೂಸಿಯಾನಾ ಪ್ರಾಂತದಲ್ಲಿ, ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ನೀಲಿ ತೋಟವೊಂದರ ಒಡೆಯನಾಗಿದ್ದ. ತಮ್ಮನು ತೀರಿಕೊಂಡಾಗ ಅದಕ್ಕೆ ತಾನೇ ಕಾರಣನೆಂದು ಕೊರಗಿ, ಬಾಳಿನಲ್ಲಿ ಆಸೆಯನ್ನೇ ಕಳೆದುಕೊಂಡ. ಅಂತಹ ಹೊತ್ತಿನಲ್ಲಿ ಲೆಸ್ಟಾಟ್ ಎಂಬ ವ್ಯಾಂಪೈರ್ ಅವನನ್ನೂ ತನ್ನಂತೆಯೇ ಮಾಡಿದ. ಸಾವನ್ನು ಬಯಸಿದವನಿಗೆ ಸಾವಿಲ್ಲದ ಬಾಳು ದೊರೆಯಿತು! ಅಂದಿನಿಂದ ಅವನು ಬದುಕಬೇಕಾದರೆ ಕೊಲ್ಲಬೇಕು. ಕೊಂದರೆ ಪಶ್ಚಾತ್ತಾಪ ಪಡಬೇಕು. ಇವನ ಮಾತನ್ನು ಕೇಳುತ್ತ ಹೋದಂತೆ ನಮ್ಮ ಭಯವು ಮರುಕವಾಗಿ ಮಾರ್ಪಡುತ್ತದೆ.

ಕಾದಂಬರಿಯ ಅತ್ಯಂತ ಕರುಣಾಜನಕ ಪಾತ್ರ ಕ್ಲಾಡಿಯಾ. ಐದು ವರ್ಷದ ಈ ಅನಾಥ ಬಾಲೆಯನ್ನೂ ಅವರು ವ್ಯಾಂಪೈರ್ ಮಾಡುತ್ತಾರೆ. ದಶಕಗಳು ಉರುಳುತ್ತವೆ, ಅವಳ ಬುದ್ಧಿ ಬಲಿಯುತ್ತದೆ, ದೇಹ ಮಾತ್ರ ಮಗುವಿನದಾಗಿಯೇ ಉಳಿಯುತ್ತದೆ. ಗೊಂಬೆಯಂತೆ ಅವಳನ್ನು ಮುದ್ದಿಸುವವರಿಗೆ ಅವಳೊಳಗಿನ ಪ್ರೌಢ ಮನಸ್ಸು ಕಾಣುವುದಿಲ್ಲ. ಆನ್ ರೈಸ್ ಅವರ ಪುಟ್ಟ ಮಗಳು 1972ರಲ್ಲಿ ರಕ್ತದ ಕ್ಯಾನ್ಸರಿನಿಂದ ಆರು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದಳು. ಈ ಪಾತ್ರದ ಹಿಂದೆ ಆ ತಾಯಿಯ ಶೋಕದ ನೆರಳನ್ನು ಅನೇಕರು ಗುರುತಿಸಿದ್ದಾರೆ. ಮಗು ಸಾಯದೆ ಉಳಿದಿದ್ದರೆ ಎಂಬ ಹಂಬಲಕ್ಕೆ ಕಾದಂಬರಿಯು ಕೊಡುವ ಉತ್ತರ ಕಠೋರವಾದುದು: ಬೆಳೆಯಲಾರದ ಉಳಿವು ಬಾಳಲ್ಲ.

ಈ ಮಾತು ನಮಗೂ ಹೊಸದಲ್ಲ. ಮಹಾಭಾರತದ ಅಶ್ವತ್ಥಾಮನಿಗೆ ದೀರ್ಘಕಾಲದ ಬದುಕು ವರವಾಗಿ ಬರಲಿಲ್ಲ, ಶಾಪವಾಗಿ ಬಂದಿತು.

ಕಾದಂಬರಿಯ ಕೊನೆಯಲ್ಲಿ ಒಂದು ವಿಚಿತ್ರ ಸಂಗತಿ ನಡೆಯುತ್ತದೆ. ಇಷ್ಟೆಲ್ಲ ದುಃಖವನ್ನು ಕೇಳಿದ ಯುವಕನು, ತನ್ನನ್ನೂ ವ್ಯಾಂಪೈರ್ ಮಾಡೆಂದು ಲೂಯಿಯನ್ನು ಬೇಡುತ್ತಾನೆ! ಲೂಯಿ ಹೇಳಿದ್ದು ನೋವನ್ನು; ಯುವಕನು ಕೇಳಿಸಿಕೊಂಡದ್ದು ಶಕ್ತಿಯನ್ನು. ತನ್ನ ಮಾತೆಲ್ಲವೂ ವ್ಯರ್ಥವಾಯಿತೆಂದು ಲೂಯಿ ಕೆರಳುತ್ತಾನೆ.

ಈ ಕೃತಿಯ ಆಕರ್ಷಣೆಯ ಗುಟ್ಟು ಇಲ್ಲಿದೆ. ಎಂದಿಗೂ ಮುಪ್ಪಾಗದೆ, ಸಾಯದೆ ಇರಬೇಕೆಂಬ ಆಸೆ ನಮ್ಮೆಲ್ಲರಲ್ಲಿಯೂ ಇದೆ. ಕಾದಂಬರಿಯು ಆ ಆಸೆಯನ್ನು ಕೆರಳಿಸುತ್ತದೆ. ಅನಂತರ ಅದರ ಬೆಲೆಯನ್ನು ತೋರಿಸುತ್ತದೆ. ಪುಸ್ತಕವನ್ನು ಮುಚ್ಚಿಟ್ಟ ಓದುಗನು, ತಾನು ಆ ಯುವಕನಂತೆ ಕೇಳಿದೆನೋ, ಲೂಯಿಯ ಅಳಲನ್ನು ಅರಿತು ಕೇಳಿದೆನೋ ಎಂದು ತನ್ನನ್ನೇ ಪ್ರಶ್ನಿಸಿಕೊಳ್ಳಬೇಕಾಗುತ್ತದೆ. ಬೆಳಗಿನ ಬಿಸಿಲು, ವರ್ಷದಿಂದ ವರ್ಷಕ್ಕೆ ಬೆಳೆಯುವ ದೇಹ, ಒಂದು ದಿನ ಮುಗಿಯುವ ಆಯುಸ್ಸು—ಇವು ಮನುಷ್ಯನಿಗೆ ದೊರೆತಿರುವ ಸಂಪತ್ತು. ಅವನ್ನು ಕಳೆದುಕೊಂಡವನ ಬಾಯಿಂದ ಕೇಳಿದಾಗಲೇ ಅವುಗಳ ಬೆಲೆ ನಮಗೆ ತಿಳಿಯುತ್ತದೆ.