ಒಂದು ಸೋಲಿಗೇ ಮುಗಿಯುವ ಸೀಸನ್

‘ಈ ವರ್ಷ ನಿಮ್ಮ ಬ್ಯಾಸ್ಕೆಟ್‌ಬಾಲ್ ಸೀಸನ್ ಹೇಗಿತ್ತು?’ ಎಂದು ಯಾರಾದರೂ ಕೇಳಿದರೆ ನಮ್ಮ ತಂಡದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತೇವೆ. ಸೀಸನ್ನಾ? ನಮ್ಮದು 40 ನಿಮಿಷದ ಸೀಸನ್. ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಅಷ್ಟೇ. ಬೆಳಿಗ್ಗೆ ಆರಕ್ಕೆ ಬಸ್ ಹತ್ತಿ ಟೂರ್ನಿಗೆ ಹೋದವರು ಎಷ್ಟೋ ಸಲ ಮಧ್ಯಾಹ್ನದ ಊಟದ ಹೊತ್ತಿಗೆ ಹಾಸ್ಟೆಲ್ ಮೆಸ್‌ನಲ್ಲಿ ತಟ್ಟೆ ಹಿಡಿದು ನಿಂತಿರುತ್ತೇವೆ. ‘ಏನ್ರಪ್ಪಾ, ಇಷ್ಟ್ ಬೇಗ ಬಂದ್ಬಿಟ್ರಿ?’ ಎಂದು ಮೆಸ್ ಅಣ್ಣ ಕೇಳಿದರೆ ಸ್ಕೋರ್ ಹೇಳುವ ಅಗತ್ಯವೇ ಇರುವುದಿಲ್ಲ.

ನಾನು ಕುಣಿಗಲ್ ಕಡೆಯವನು. ತುಮಕೂರಿನಲ್ಲಿ ಬಿಇ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಎತ್ತರ 5 ಅಡಿ 7 ಇಂಚು. ಈ ಎತ್ತರದವನಿಗೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಿಗುವ ಕೆಲಸ ಒಂದೇ, ಪಾಯಿಂಟ್ ಗಾರ್ಡ್. ಅಂದರೆ ಚೆಂಡನ್ನು ಆ ತುದಿಯಿಂದ ಈ ತುದಿಗೆ ಜೋಪಾನವಾಗಿ ತಂದು ಉದ್ದನೆಯವರ ಕೈಗೆ ಒಪ್ಪಿಸುವುದು.

ನಮ್ಮ ಟೂರ್ನಿಯ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದಿಷ್ಟು ವಿವರ. ವಿಟಿಯು ಅಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಿವೆ. ಮೊದಲು ವಲಯ ಮಟ್ಟ, ಆಮೇಲೆ ಅಂತರ ವಲಯ. ಎಲ್ಲರಿಗೂ ಎಲ್ಲರ ಜೊತೆ ಪಂದ್ಯ ಇಡಲು ಹೊರಟರೆ ಸೆಮಿಸ್ಟರ್ ಸಾಲದು. ಹಾಗಾಗಿ ನಾಕೌಟ್. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಲೆಕ್ಕ ಇರುವುದೇ ಹಾಗೆ. 16 ತಂಡಗಳ ನಾಕೌಟ್ ಅಂದರೆ ಒಟ್ಟು 15 ಪಂದ್ಯ. ಅದರಲ್ಲಿ 8 ತಂಡಗಳಿಗೆ ಸಿಗುವುದು ಒಂದೇ ಪಂದ್ಯ. ಸಣ್ಣ ಕಾಲೇಜುಗಳು ಸಾಮಾನ್ಯವಾಗಿ ಆ ಎಂಟರಲ್ಲೇ ಇರುತ್ತವೆ.

ಅಮೆರಿಕದ ಸಣ್ಣ ಕಾಲೇಜುಗಳ ಕಥೆ ಬೇರೆ. ಅಲ್ಲಿ ‘ಡಿವಿಷನ್ 3’ ಎಂಬ ದರ್ಜೆಯಿದೆ. ಆ ಕಾಲೇಜುಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಆಡುವವರೆಲ್ಲ ನಮ್ಮಂತೆಯೇ ಪರೀಕ್ಷೆ, ಪ್ರಾಜೆಕ್ಟ್ ಎಂದು ಒದ್ದಾಡುವ ವಿದ್ಯಾರ್ಥಿಗಳು. ಆದರೆ ನವೆಂಬರ್‌ನಲ್ಲಿ ಶುರುವಾಗುವ ಅವರ ಸೀಸನ್‌ನಲ್ಲಿ ಒಂದು ತಂಡಕ್ಕೆ ಸುಮಾರು 25 ಪಂದ್ಯ ಸಿಗುತ್ತದೆ. ಅಕ್ಕಪಕ್ಕದ ಊರುಗಳ ಎಂಟೋ ಹತ್ತೋ ಕಾಲೇಜು ಸೇರಿ ‘ಕಾನ್ಫರೆನ್ಸ್’ ಎಂದು ಕೂಟ ಮಾಡಿಕೊಂಡಿರುತ್ತವೆ. ಮೊದಲ ಕೆಲವು ವಾರ ಆ ಕೂಟದ ಹೊರಗಿನ ತಂಡಗಳೊಡನೆ ಆಟ. ಯಾರು ಯಾವ ಜಾಗದಲ್ಲಿ ಹೊಂದುತ್ತಾರೆ, ಹೊಸ ಹುಡುಗ ಒತ್ತಡದಲ್ಲಿ ಏನು ಮಾಡುತ್ತಾನೆ ಎಂದೆಲ್ಲ ಕೋಚ್‌ಗಳು ಆಗ ನೋಡಿಕೊಳ್ಳುತ್ತಾರೆ. ಸೀಸನ್ ಆರಂಭದ ಸೋಲು ಅವರಿಗೆ ಪಾಠ. ನಮಗೆ ಅದು ಸೀಸನ್ನಿನ ಕೊನೆ.

ಅರ್ಧ ಕೋರ್ಟ್ ಅಭ್ಯಾಸ, ಪೂರ್ತಿ ಕೋರ್ಟ್ ಪಂದ್ಯ

ತುಮಕೂರು ಸೀಮೆಯಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೊಲದಲ್ಲಿರುವ ನಮ್ಮಪ್ಪ ಹಸ್ತಾ ಮಳೆ, ಚಿತ್ತಾ ಮಳೆಗಾಗಿ ಆಕಾಶ ನೋಡುತ್ತಿದ್ದರೆ, ಅದೇ ಮಳೆ ನಿಲ್ಲಲಿ ಎಂದು ನಾನು ಹಾಸ್ಟೆಲ್ ಕಿಟಕಿಯಿಂದ ನೋಡುತ್ತಿರುತ್ತೇನೆ. ನಮ್ಮದು ಬಯಲು ಕೋರ್ಟ್, ಸಿಮೆಂಟ್ ನೆಲ. ಒಂದು ಕಡೆಯ ರಿಂಗಿಗೆ ನೆಟ್ ಇದೆ, ಇನ್ನೊಂದು ಕಡೆ ಇಲ್ಲ. ಮಳೆ ನಿಂತ ಮೇಲೂ ಒಂದು ಮೂಲೆಯಲ್ಲಿ ನೀರು ನಿಂತಿರುತ್ತದೆ. ಲ್ಯಾಬ್ ಮುಗಿಸಿ ಬರುವುದು ಆರೇಳು ಜನ. ಹಾಗಾಗಿ ಒಣಗಿದ ಅರ್ಧದಲ್ಲಿ ಮೂರು ಮೂರು ಜನ ಆಡಿಕೊಳ್ಳುತ್ತೇವೆ.

ಈ ಅಭ್ಯಾಸದ ಬೆಲೆ ಗೊತ್ತಾಗುವುದು ಪಂದ್ಯದ ದಿನ. ಪೂರ್ತಿ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಎದುರಾಳಿ ಬುಟ್ಟಿಗೆ ಹಾಕಿದ ಮೇಲೆ ಚೆಂಡು ಕೈಗೆ ಬಂದವನು 5 ಸೆಕೆಂಡಿನೊಳಗೆ ಹೊರಗಿನಿಂದ ಪಾಸ್ ಕೊಡಬೇಕು. 8 ಸೆಕೆಂಡಿನೊಳಗೆ ಚೆಂಡು ಮಧ್ಯದ ಗೆರೆ ದಾಟಬೇಕು. 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಅರ್ಧ ಕೋರ್ಟಿನಲ್ಲಿ ಆಡಿದವರಿಗೆ ಆ ಎಂಟು ಸೆಕೆಂಡಿನ ಪರಿಚಯವೇ ಇರುವುದಿಲ್ಲ. ದೊಡ್ಡ ಕಾಲೇಜಿನವರಿಗೆ ಇದು ಚೆನ್ನಾಗಿ ಗೊತ್ತು. ಮೊದಲ ವಿಷಲ್‌ನಿಂದಲೇ ಕೋರ್ಟಿನ ಉದ್ದಕ್ಕೂ ಮೈಮೇಲೆ ಬಿದ್ದು ಕಾಯುತ್ತಾರೆ. ಇದಕ್ಕೆ ‘ಫುಲ್ ಕೋರ್ಟ್ ಪ್ರೆಸ್’ ಎನ್ನುತ್ತಾರೆ.

ಈ ವರ್ಷ ನಮ್ಮ ಪಂದ್ಯದ ಮೊದಲ ಕ್ವಾರ್ಟರ್ ಮುಗಿದಾಗ ಸ್ಕೋರ್ 19–4. ನಾಲ್ಕು ನಮ್ಮದು. ನಾನು ಚೆಂಡು ಹಿಡಿದು ತಿರುಗುವಷ್ಟರಲ್ಲಿ ಇಬ್ಬರು ಮುಂದೆ ನಿಂತಿರುತ್ತಿದ್ದರು. ಟೈಮ್‌ಔಟ್‌ನಲ್ಲಿ ಪಿ.ಇ. ಸರ್ ಬೈಯಲಿಲ್ಲ. ‘ಇಬ್ಬರು ನಿನ್ ಮೇಲೆ ಬಂದವ್ರೆ ಅಂದ್ರೆ ನಮ್ಮೋನು ಒಬ್ಬ ಎಲ್ಲೋ ಖಾಲಿ ನಿಂತವ್ನೆ. ಅವನನ್ನ ಹುಡುಕು’ ಎಂದರು, ಅಷ್ಟೇ. ಎರಡನೇ ಕ್ವಾರ್ಟರ್ 14–11. ಮೂರನೆಯದನ್ನು ನಾವು 13–12ರಲ್ಲಿ, ನಾಲ್ಕನೆಯದನ್ನು 12–10ರಲ್ಲಿ ಗೆದ್ದೆವು. ಒಟ್ಟು 55–40. ಹದಿನೈದು ಪಾಯಿಂಟ್‌ಗಳ ಸೋಲು.

ಬಸ್ಸಿನಲ್ಲಿ ಕುಳಿತು ಸ್ಕೋರ್ ಶೀಟ್ ನೋಡುತ್ತಿದ್ದ ಗೆಳೆಯ ತಟ್ಟನೆ ಹೇಳಿದ: ‘ಮಗಾ, ಫಸ್ಟ್ ಕ್ವಾರ್ಟರ್ ಬಿಟ್ಟು ಕೂಡ್ಸು. 36–36!’ ಹೌದು. ಮೊದಲ ಹತ್ತು ನಿಮಿಷ ಬಿಟ್ಟರೆ ಉಳಿದ ಅರ್ಧ ಗಂಟೆ ಎರಡೂ ತಂಡ ಸಮಸಮ. ಅವರಿಗಿಂತ ನಾವು ತೀರಾ ಕೆಟ್ಟದಾಗೇನೂ ಆಡಿರಲಿಲ್ಲ. ನಮಗೆ ಕಲಿಯಲು ಹತ್ತು ನಿಮಿಷ ಬೇಕಿತ್ತು. ನಲವತ್ತೇ ನಿಮಿಷದ ಸೀಸನ್‌ನಲ್ಲಿ ಹತ್ತು ನಿಮಿಷ ಬಹಳ ದುಬಾರಿ.

ನಾಲ್ಕು ವರ್ಷಕ್ಕೆ ನಾಲ್ಕು ಗಂಟೆ

ನಮ್ಮ ತಂಡದಲ್ಲಿ ಒಬ್ಬ ಸೀನಿಯರ್ ಇದ್ದರು. ಆರು ಅಡಿ ಮೂರು ಇಂಚು ಎತ್ತರ. ಪಿಯುಸಿವರೆಗೆ ವಾಲಿಬಾಲ್ ಆಡಿಕೊಂಡಿದ್ದವರು ಇಲ್ಲಿಗೆ ಬಂದು ಬ್ಯಾಸ್ಕೆಟ್‌ಬಾಲ್ ಕಲಿತರು. ಹಾಸ್ಟೆಲ್‌ನಲ್ಲಿ ಎಲ್ಲರೂ ಮಲಗಿರುವಾಗ ಐದೂವರೆಗೆ ಎದ್ದು ಒಬ್ಬರೇ ಹೋಗಿ ನೂರು ಫ್ರೀ ಥ್ರೋ ಎಸೆಯುತ್ತಿದ್ದರು. ಒಂದು ವರ್ಷ ಡ್ರಾ ಚೆನ್ನಾಗಿ ಬಿದ್ದು ತಂಡ ಮೂರು ಪಂದ್ಯ ಆಡಿತು. ಉಳಿದ ಮೂರು ವರ್ಷ ಒಂದೊಂದೇ. ಒಟ್ಟು ಆರು ಪಂದ್ಯ, 240 ನಿಮಿಷ. ನಾಲ್ಕು ವರ್ಷಕ್ಕೆ ನಾಲ್ಕು ಗಂಟೆ. ಎರಡು ಸಿನಿಮಾ ನೋಡುವಷ್ಟು ಹೊತ್ತೂ ಅಲ್ಲ. ಅವರು ಅಮೆರಿಕದ ಆ ಸಣ್ಣ ಕಾಲೇಜುಗಳಲ್ಲಿ ಓದಿದ್ದರೆ ಅಷ್ಟೇ ವರ್ಷದಲ್ಲಿ ನೂರು ಪಂದ್ಯ ಸಿಗುತ್ತಿತ್ತು.

ಇದು ಬರೀ ಆಸೆಯ ಮಾತಲ್ಲ, ಕೆಲಸ ಹುಡುಕುವವರಿಗೂ ಸಂಬಂಧಿಸಿದ್ದು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರನ್ನೂ ಪರಿಗಣಿಸುತ್ತಾರೆ. ಕಾಲೇಜು ತಂಡಕ್ಕೆ ಆಡಿದ ಪ್ರಮಾಣಪತ್ರ ಅದಕ್ಕೆ ಸಾಲದು. ವಿಶ್ವವಿದ್ಯಾಲಯದ ತಂಡದಲ್ಲಿ ಇರುವುದು 12 ಜಾಗ. ಒಂದೇ ಪಂದ್ಯ ಆಡಿ ಮನೆಗೆ ಬಂದ ತಂಡದ ಹುಡುಗನ ಆಟ ಯಾರ ಕಣ್ಣಿಗಾದರೂ ಬೀಳಬೇಕಾದರೆ ಅದೇ 40 ನಿಮಿಷದಲ್ಲಿ ಬೀಳಬೇಕು. ಆ ದಿನ ಅವನಿಗೆ ಜ್ವರ ಬಂದಿದ್ದರೆ ವರ್ಷವೇ ಹೋಯಿತು. ನಮ್ಮ ಸೀನಿಯರ್ ಈಗ ಬೆಂಗಳೂರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ರೆಸ್ಯೂಮೆಯಲ್ಲಿ ಆಟದ ಬಗ್ಗೆ ಒಂದೇ ಸಾಲು ಇದೆಯಂತೆ.

ಒಂದೇ ಊರು, ಮೂರು ವಿಶ್ವವಿದ್ಯಾಲಯ

ಹಾಗಾದರೆ ಪಕ್ಕದ ಕಾಲೇಜಿನವರ ಜೊತೆ ಯಾಕೆ ಆಡಬಾರದು? ಇಲ್ಲೊಂದು ತಮಾಷೆ ಇದೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಇದೆ. ಅದು ವಿಟಿಯು ಅಡಿಯ ಸ್ವಾಯತ್ತ ಕಾಲೇಜು. ಕುಣಿಗಲ್ ರಸ್ತೆಯ ಮರಳೂರಿನಲ್ಲಿರುವ ಶ್ರೀ ಸಿದ್ಧಾರ್ಥ ತಾಂತ್ರಿಕ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯದ್ದು. ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಕಾಲೇಜು ಮತ್ತೆ ವಿಟಿಯು. ಕುಣಿಗಲ್‌ನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಅಂದರೆ ನಗರದ ಎರಡು ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಒಂದೇ ಅಂಗಡಿಯಲ್ಲಿ ಟೀ ಕುಡಿಯಬಹುದು, ಒಂದೇ ಸಿಟಿ ಬಸ್ಸಿನಲ್ಲಿ ನೇತಾಡಬಹುದು. ಆದರೆ ವಿಶ್ವವಿದ್ಯಾಲಯದ ಟೂರ್ನಿಯಲ್ಲಿ ಎದುರುಬದುರಾಗುವುದಿಲ್ಲ. ಎದುರಾಗಬೇಕಾದರೆ ಇಬ್ಬರೂ ತಮ್ಮ ತಮ್ಮ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕು, ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ ಎಲ್ಲಿ ನಡೆಯುತ್ತದೋ ಅಲ್ಲಿಗೆ, ಅದು ತಮಿಳುನಾಡೋ ಕೇರಳವೋ, ಹೋಗಬೇಕು, ಡ್ರಾ ಕೂಡಿಬರಬೇಕು. ಎದುರುಮನೆಯವನ ಜೊತೆ ಆಡಲು ಪರರಾಜ್ಯಕ್ಕೆ ಹೋದ ಹಾಗೆ!

ಅದೇ 15 ಪಂದ್ಯ

ಸೋತು ಬಂದ ಮೇಲೆ ನಾವು ಕುಳಿತು ಇನ್ನೊಂದು ಲೆಕ್ಕ ಹಾಕಿದೆವು. ಆರು ತಂಡಗಳು ಲೀಗ್ ಆಡಿದರೆ, ಅಂದರೆ ಎಲ್ಲರೂ ಎಲ್ಲರ ಜೊತೆ ಒಮ್ಮೆ ಆಡಿದರೆ, ಒಟ್ಟು 15 ಪಂದ್ಯ. 16 ತಂಡಗಳ ನಾಕೌಟ್‌ಗೂ ಅಷ್ಟೇ ಪಂದ್ಯ ಬೇಕು. ಆದರೆ ಇಲ್ಲಿ ಪ್ರತಿ ತಂಡಕ್ಕೂ ಐದು ಪಂದ್ಯ ಖಾತ್ರಿ. ಶನಿವಾರಕ್ಕೆ ಮೂರು ಪಂದ್ಯ ಇಟ್ಟರೆ ಐದು ಶನಿವಾರದಲ್ಲಿ ಮುಗಿಯುತ್ತದೆ. ತರಗತಿ ತಪ್ಪುವುದಿಲ್ಲ. ಹಾಜರಾತಿ ಶೇ 85 ಮುಟ್ಟಿಸಲು ಪರದಾಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ದೂರವೂ ಹೆಚ್ಚಿಲ್ಲ. ತುಮಕೂರಿನಿಂದ ಗುಬ್ಬಿ ಸುಮಾರು 20 ಕಿಲೋಮೀಟರ್; ಬಸ್ಸೂ ಇದೆ, ರೈಲೂ ಇದೆ. ಕುಣಿಗಲ್‌ಗೆ ಗೂಳೂರು, ಹೆಬ್ಬೂರು ಮೇಲೆ ಸುಮಾರು 35 ಕಿಲೋಮೀಟರ್. ನನ್ನ ಜೊತೆ ಪಿಯುಸಿ ಓದಿದ ಗೆಳೆಯರು ಈಗ ಕುಣಿಗಲ್‌ನಲ್ಲಿ ಪದವಿ ಓದುತ್ತಿದ್ದಾರೆ. ಅವರಿಗೆ ಫೋನ್ ಮಾಡಿದೆ. ‘ಬರ್ತೀವಿ ಗುರೂ, ಚೆಂಡು ಮಾತ್ರ ನಿಮ್ದೇ’ ಎಂದರು. ಗುಬ್ಬಿಯಲ್ಲಿ ಓದುವ ಹುಡುಗರೂ ಒಪ್ಪಿದರು. ಪಿ.ಇ. ಸರ್ ಮೇಲಿನವರಿಂದ ಅನುಮತಿ ತಂದು ಗೇಟಿನ ಬೀಗದ ಕೈ ಕೊಟ್ಟರು. ಊರಿನ ಇಬ್ಬರು ಹಳೆಯ ಆಟಗಾರರು ರೆಫರಿಯಾಗಲು ಬಂದರು. ಅವರ ಸಂಭಾವನೆ ಟೀ ಮತ್ತು ಕ್ಯಾತಸಂದ್ರದ ತಟ್ಟೆ ಇಡ್ಲಿ.

ಆರು ತಂಡ ಇನ್ನೂ ಆಗಿಲ್ಲ, ಸದ್ಯ ಮೂರೇ. ಎರಡು ಶನಿವಾರ ಮುಗಿದಿವೆ. ಮೊದಲ ವಾರ ಕುಣಿಗಲ್ ಹುಡುಗರು ನಮ್ಮನ್ನು ಸೋಲಿಸಿದರು. ಅವರಿಗೆ ಕೋಚ್ ಇಲ್ಲ, ಒಂದೇ ಬಣ್ಣದ ಜೆರ್ಸಿಯೂ ಇಲ್ಲ. ಆದರೆ ಅವರೂ ಪೂರ್ತಿ ಕೋರ್ಟ್ ಮೈಮೇಲೆ ಬೀಳುತ್ತಾರೆ! ನಮ್ಮ ಕುದುರೆ ಫಾರಂ ಊರಿನವರು, ಓಟ ಹೇಳಿಕೊಡಬೇಕೇ ಎಂದು ರೇಗಿಸಿದೆ. ಮುಂದಿನ ಶನಿವಾರ ನಾವು ಒಂದು ಬದಲಾವಣೆ ಮಾಡಿದೆವು. ಚೆಂಡನ್ನು ನಾನೇ ಪುಟಿಸಿಕೊಂಡು ದಾಟಿಸುವ ಬದಲು, ನಮ್ಮ ಉದ್ದನೆಯ ಹುಡುಗನನ್ನು ಮಧ್ಯದ ಗೆರೆಯ ಬಳಿ ನಿಲ್ಲಿಸಿ, ಅವನ ತಲೆ ಮೇಲಕ್ಕೆ ಪಾಸ್ ಕೊಟ್ಟೆ. ಅವನಿಂದ ಅಂಚಿನಲ್ಲಿ ಓಡುವವನಿಗೆ ಇನ್ನೊಂದು ಪಾಸ್. ಎರಡೇ ಪಾಸ್‌ಗೆ ಪ್ರೆಸ್ ಒಡೆಯಿತು. ಪಿ.ಇ. ಸರ್ ಟೈಮ್‌ಔಟ್‌ನಲ್ಲಿ ಹೇಳಿದ ‘ಖಾಲಿ ನಿಂತವನು’ ಸಿಕ್ಕಿದ್ದು ಆಗ. ಇದನ್ನು ಕಲಿಯಲು ನಮಗೆ ಬೇಕಾಗಿದ್ದದ್ದು ಇನ್ನೊಂದು ಶನಿವಾರ ಮಾತ್ರ.

ಈ ಶನಿವಾರಗಳಿಗೆ ಪ್ರಮಾಣಪತ್ರ ಇಲ್ಲ, ಯಾವ ಕೋಟಾಕ್ಕೂ ಇವು ನೇರವಾಗಿ ಬರುವುದಿಲ್ಲ. ನಮ್ಮ ಸಿಲಬಸ್‌ನಲ್ಲಿ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅದರ ಕ್ರೆಡಿಟ್ ಸೊನ್ನೆ. ಈ ಆಟ ಹುಟ್ಟಿದ್ದೂ ಅಂಥದ್ದೇ ಒಂದು ತರಗತಿಯಲ್ಲಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಮೇಷ್ಟ್ರು, ಚಳಿಗಾಲದಲ್ಲಿ ಒಳಗೇ ಕೂತು ಬೇಸತ್ತಿದ್ದ 18 ವಿದ್ಯಾರ್ಥಿಗಳಿಗಾಗಿ ಬಾಲ್ಕನಿಯ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆದು ಆಡಿಸಿದರು. ಒಂಬತ್ತು ಒಂಬತ್ತು ಜನರ ತಂಡ. ಇದ್ದ ಜಾಗ, ಇದ್ದ ಜನ, ಇದ್ದ ಬುಟ್ಟಿ ಅಷ್ಟೇ ಸಾಕಾಗಿತ್ತು.

ಹಾಗಾಗಿ ಬೇರೆ ಜಿಲ್ಲೆಗಳ ಗೆಳೆಯರಿಗೆ ನನ್ನದೊಂದು ಮಾತು. ಮುಂದಿನ ಟೂರ್ನಿಯ ಪ್ರಕಟಣೆ ಬರಲಿ ಎಂದು ಕಾಯಬೇಡಿ. ನಿಮ್ಮ ಕಾಲೇಜಿನಿಂದ 40 ಕಿಲೋಮೀಟರ್ ಒಳಗೆ ಎಷ್ಟು ರಿಂಗ್‌ಗಳಿವೆ ಎಂದು ಎಣಿಸಿ. ಅವು ಯಾವ ವಿಶ್ವವಿದ್ಯಾಲಯದವು ಎಂದು ಕೇಳಬೇಡಿ. ಹುಡುಗಿಯರ ತಂಡಗಳ ಕಷ್ಟ ನಮ್ಮದಕ್ಕಿಂತ ಹೆಚ್ಚಿನದು. ಅದನ್ನು ನಮ್ಮ ಕ್ಲಾಸಿನ ಗೆಳತಿಯರೇ ಇಲ್ಲಿ ಬರೆದರೆ ಚೆನ್ನ.

ತುಮಕೂರು ಸುತ್ತಮುತ್ತ ಇರುವವರಿಗೆ ನೇರ ಆಹ್ವಾನ. ನಮಗೆ ಇನ್ನೂ ಮೂರು ತಂಡ ಬೇಕು. ಶನಿವಾರ ಮಧ್ಯಾಹ್ನ ಎರಡೂವರೆಗೆ ಆಟ ಶುರು. ಕುಣಿಗಲ್ ಹುಡುಗನೊಬ್ಬನಿಗೆ ಊರಿನ ಕೊನೇ ಬಸ್ ಹಿಡಿಯಬೇಕು, ಐದಕ್ಕೆ ಬಿಡಲೇಬೇಕು. ಚೆಂಡು ನಮ್ಮದು. ಮೂಲೆಯಲ್ಲಿ ನಿಂತ ನೀರು ಒರೆಸಲು ಹಳೇ ಬಟ್ಟೆ ಇದ್ದರೆ ನೀವೇ ತನ್ನಿ.