ಗುಡ್ಡ ಸೀಳಿದ ಮಲಪ್ರಭೆಯ ಜಾಡಿನಲ್ಲಿ

ಕಿತ್ತೂರಿನಿಂದ ರಾಮದುರ್ಗದವರೆಗೆ, ವ್ಯಾನಿನಲ್ಲೇ ಮಲಗೆದ್ದು ಒಬ್ಬರೇ ಹೋಗಿಬರಬಹುದಾದ ದಾರಿಯಿದು. ಇದರ ನಡುವೆ ಸಿಗುತ್ತದೆ, ನಾವು ಅಣೆಕಟ್ಟಿನ ನೆಪದಲ್ಲಷ್ಟೇ ನೋಡಿ ಬರುವ ನವಿಲುತೀರ್ಥದ ಕಮರಿ.

ಸವದತ್ತಿಗೂ ಮುನವಳ್ಳಿಗೂ ನಡುವೆ ಮಲಪ್ರಭೆ ಒಂದು ಗುಡ್ಡದ ಸಾಲನ್ನು ನಟ್ಟನಡುವೆ ಸೀಳಿಕೊಂಡು ಹೋಗಿದೆ. ಗುಡ್ಡದ ನೆತ್ತಿಯ ಮೇಲಿದ್ದ ನವಿಲು ಅಣಕಿಸಿತೆಂದು ಹೊಳೆಗೆ ಸಿಟ್ಟು ಬಂತು ಎಂಬುದು ಜನ ಹೇಳುವ ಕಥೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ 446 ಕಿ.ಮೀ. ಉದ್ದ, ಸುಮಾರು 1.6 ಕಿ.ಮೀ. ಆಳ, ಅದು 1919ರಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. ಅಳತೆಯಲ್ಲಿ ನಮ್ಮ ಕಮರಿಗೆ ಅದರೊಡನೆ ಪೈಪೋಟಿ ಇಲ್ಲ. ಆದರೆ ಅದು ಕೂದಲೆಳೆಯಲ್ಲಿ ಪಾರಾದ ಗತಿ ನಮ್ಮದಕ್ಕೆ ಬಂತು. ಆ ಕಥೆಗಾಗಿಯೇ ಈ ದಾರಿ ಹಿಡಿಯಬೇಕು.

ಎರೆಹೊಲದಿಂದ ಗುಡ್ಡದ ಕಡೆಗೆ

ಗಾಡಿಯಲ್ಲೇ ಉಂಡು ಮಲಗುವ ಪ್ರವಾಸ ಈ ಸೀಮೆಗೆ ಹೊಸದೇನಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ರೊಟ್ಟಿ ಬುತ್ತಿ, ಪಾತ್ರೆ, ಕೌದಿ, ಎತ್ತಿನ ಮೇವು ಎಲ್ಲವನ್ನೂ ಚಕ್ಕಡಿಯಲ್ಲಿ ಹೇರಿಕೊಂಡು, ರಾತ್ರಿ ಅದರಡಿಯೇ ಮಲಗುತ್ತಿದ್ದರು. ಈಗ ಟ್ರ್ಯಾಕ್ಟರ್ ಟ್ರೇಲರಿಗೆ ತಾಡಪತ್ರಿ ಬಿಗಿದು ಬರುತ್ತಾರೆ. ಹೊಸದೆಂದರೆ ಒಂಟಿಯಾಗಿ ಬರುವುದು. ವ್ಯಾನ್ ನಿಲ್ಲಿಸಿದಲ್ಲೆಲ್ಲ ‘ಒಬ್ಬರ ಬಂದೀರೇನ್ರೀ? ಊಟ ಆತೇನ್ರೀ?’ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ಕಿತ್ತೂರಿನಲ್ಲಿ ಕೋಟೆಯ ಒಳಗಿನ ಅರಮನೆಯ ಗೋಡೆಗಳನ್ನು ನೋಡಿ ಹೊರಡಿ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು ಇಲ್ಲಿಯ ಕಾಳಗದಲ್ಲೇ. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು, ಸಮಾಧಿ ಅಲ್ಲಿದೆ. ಹತ್ತಿರದ ಎಂ.ಕೆ. ಹುಬ್ಬಳ್ಳಿಯಲ್ಲಿ, ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಮಂಟಪದ ಬಳಿ ಮಲಪ್ರಭೆ ಮೊದಲು ಸಿಗುತ್ತದೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಬಂದ ಹೊಳೆ ಇಲ್ಲಿ ಸಾಧು. ಬೈಲಹೊಂಗಲದ ಸುತ್ತ ಎರೆಹೊಲಗಳು; ಹಿಂಗಾರಿನಲ್ಲಿ ಜೋಳ, ಕಡಲೆ, ಕುಸುಬಿ. ಸೊಗಲದ ಸೋಮೇಶ್ವರ ಗುಡಿಯ ಪಕ್ಕ ಬಂಡೆಯ ಮೇಲಿಂದ ನೀರು ಧುಮುಕುವುದನ್ನು ಕಂಡಾಗ, ಬಯಲು ಮುಗಿದು ಗುಡ್ಡದ ಸೀಮೆ ಶುರುವಾಯಿತೆಂದು ತಿಳಿಯಬೇಕು.

ನಮ್ಮ ಊರಿನ ಹೆಸರಿನ ಕಲ್ಲು

ಸವದತ್ತಿಯ ಗುಡ್ಡಗಳ ಕಲ್ಲು ಬೆಣಚು ಮರಳುಗಲ್ಲು. ಮರಳು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದದ್ದು. ಭೂವಿಜ್ಞಾನಿಗಳು ಇದನ್ನು ‘ಸವದತ್ತಿ ಕ್ವಾರ್ಟ್ಜೈಟ್’ ಎಂದೇ ಕರೆಯುತ್ತಾರೆ. ಇದು ಸೇರಿರುವ ಪದರಕ್ಕೆ ‘ರಾಮದುರ್ಗ ಫಾರ್ಮೇಶನ್’ ಎಂದು ಹೆಸರು; ಎರಡೂ ಕಲಾದಗಿ ಶಿಲಾಸಮೂಹದ ಭಾಗ. ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಬಂಡೆಯ ಮೈಮೇಲೆ ಅಲ್ಲಲ್ಲಿ ಕಾಣುವ ಸಣ್ಣ ಅಲೆಯಂಥ ಏರಿಳಿತಗಳು ಅಂದಿನ ಆಳವಿಲ್ಲದ ನೀರು ಮರಳಿನ ಮೇಲೆ ಬಿಟ್ಟುಹೋದ ಗುರುತುಗಳು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಶಿಲೆಗಳ ವಿವರವನ್ನು 1876ರಲ್ಲೇ ಪ್ರಕಟಿಸಿದ್ದರು. ಮಲಪ್ರಭೆಯ ದಂಡೆಗಳಲ್ಲಿ ಆದಿಮಾನವರ ಕೊಡಲಿಗಳು ಸಿಕ್ಕಿವೆ. ಅವೂ ಇದೇ ಜಾತಿಯ ಕಲ್ಲಿನವು.

ಇಷ್ಟು ಗಟ್ಟಿ ಕಲ್ಲನ್ನು ಹೊಳೆ ಬಳಸಿ ಹೋಗದೆ ಕೊರೆದದ್ದೇಕೆ? ಹೊಳೆ ಗುಡ್ಡವನ್ನು ದಾಟಿದೆ ಎಂದರೆ ಸಾಮಾನ್ಯವಾಗಿ ಅರ್ಥ ಇಷ್ಟು: ಒಂದು ಕಾಲಕ್ಕೆ ನೆಲ ಈಗಿನದಕ್ಕಿಂತ ಎತ್ತರದಲ್ಲಿತ್ತು, ಹೊಳೆ ಆಗಲೇ ತನ್ನ ದಾರಿ ಹಿಡಿದಿತ್ತು. ಸುತ್ತಲಿನ ಮೆತ್ತನೆಯ ಕಲ್ಲುಮಣ್ಣು ಕರಗಿ ಗುಡ್ಡ ಮೇಲೆದ್ದು ಕಂಡಾಗಲೂ ಹೊಳೆ ಜಾಗ ಬಿಡದೆ ಕೆಳಕ್ಕೆ ಕೊರೆಯುತ್ತಲೇ ಹೋಯಿತು.

ಕಮರಿಗೆ ಬಿದ್ದ ಬೀಗ

ಎಂಜಿನಿಯರರಿಗೆ ಕಂಡದ್ದು ಈ ಇಕ್ಕಟ್ಟೇ. ಕೆಆರ್‌ಎಸ್‌ನಲ್ಲಿ ಸುಮಾರು 49 ಟಿಎಂಸಿ ಅಡಿ ನೀರು ನಿಲ್ಲಿಸಲು 2.6 ಕಿ.ಮೀ. ಉದ್ದದ ಕಟ್ಟೆ ಬೇಕಾಯಿತು. ನವಿಲುತೀರ್ಥದಲ್ಲಿ 37 ಟಿಎಂಸಿ ಅಡಿಗೂ ಹೆಚ್ಚು ನೀರಿಗೆ ಸುಮಾರು 155 ಮೀಟರ್ ಕಟ್ಟೆಯೇ ಸಾಕಾಯಿತು. ಉಳಿದದ್ದನ್ನು ಗುಡ್ಡ ನೋಡಿಕೊಂಡಿತು. 1970ರ ದಶಕದ ಆರಂಭದಲ್ಲಿ ಈ ಕಟ್ಟೆಯ ಜಲಾಶಯ ರೇಣುಕಾಸಾಗರ ತುಂಬತೊಡಗಿತು. ಅದಕ್ಕೂ ಮೊದಲೇ ಅಮೆರಿಕದಲ್ಲಿ ಕೊಲರಾಡೋ ನದಿಯ ಗ್ಲೆನ್ ಕ್ಯಾನ್ಯನ್ 1963ರಿಂದ ಮುಳುಗತೊಡಗಿತ್ತು. ಗ್ರ್ಯಾಂಡ್ ಕ್ಯಾನ್ಯನ್‌ನ ಹರಿವಿಗೂ ಎರಡು ಅಣೆಕಟ್ಟು ಹಾಕುವ ಯೋಜನೆ ಜನರ ವಿರೋಧದಿಂದಾಗಿ 1968ರಲ್ಲಿ ಕೈಬಿಟ್ಟುಹೋಯಿತು.

ಇಲ್ಲಿ ಅಂಥ ವಿರೋಧ ಏಳದ್ದಕ್ಕೆ ಬೈಯುವಂತಿಲ್ಲ. ಮಳೆ ಕೈಕೊಡುವ ನಾಡಿಗೆ ನೀರು ಬೇಕಿತ್ತು. ಹುಬ್ಬಳ್ಳಿ-ಧಾರವಾಡ ಇಂದಿಗೂ ಈ ನೀರು ಕುಡಿಯುತ್ತದೆ. ಜಗಳ ಎದ್ದದ್ದು ನೀರಿನ ಬೆಲೆಗೆ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ಹಾರಿತು. ರಾಜ್ಯದ ರೈತ ಚಳವಳಿಗೆ ಅದು ತಿರುವು. ಈ ಜಲಾಶಯಕ್ಕೆ ಸಾಕಷ್ಟು ನೀರು ಬರಲಿ ಎಂದೇ ಮಹದಾಯಿಯ ನೀರನ್ನು ಇತ್ತ ತಿರುಗಿಸುವ ಕಳಸಾ-ಬಂಡೂರಿ ಹೋರಾಟ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಅದಕ್ಕೆ 3.9 ಟಿಎಂಸಿ ಅಡಿ ಕೊಟ್ಟಿತು. ಮರುವರ್ಷವೇ, ಆಗಸ್ಟ್ 2019ರ ಮಳೆಗೆ ಜಲಾಶಯ ಉಕ್ಕಿ ಹರಿದು ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿತು.

ಒಂಟಿ ಪ್ರವಾಸಿಗೆ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಎಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳಲ್ಲಿ ಮಾತ್ರ ಗುಡ್ಡದ ರಸ್ತೆಯಲ್ಲಿ ವ್ಯಾನಿಗೆ ಜಾಗ ಸಿಗುವುದಿಲ್ಲ. ರಾತ್ರಿ ತಂಗಲು ಕೆರೆದಂಡೆಗಿಂತ ಪೆಟ್ರೋಲ್ ಬಂಕ್ ಅಥವಾ ಗುಡಿಯ ಅಂಗಳ ಲೇಸು, ಕೇಳಿಕೊಂಡು ನಿಲ್ಲಿ. ಅಣೆಕಟ್ಟಿನ ಕೆಳಗಿನ ಪಾತ್ರಕ್ಕೆ ಇಳಿಯಲೇಬೇಡಿ, ಗೇಟು ಎತ್ತಿದರೆ ಏರಿ ಬರಲು ಸಮಯವಿರುವುದಿಲ್ಲ. ಸವದತ್ತಿ, ರಾಮದುರ್ಗಗಳಲ್ಲಿ ಖಾನಾವಳಿಗಳಿವೆ. ರಾಮದುರ್ಗದ ಕಡೆ ಹೋದರೆ ಸುರೇಬಾನದ ಶಬರಿಕೊಳ್ಳ, ತೊರಗಲ್ಲಿನ ಕೋಟೆ ಬಿಡಬೇಡಿ.

ಲಾಲ್‌ಬಾಗ್‌ನ ಬಂಡೆ, ಸೇಂಟ್ ಮೇರಿಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿಯ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿವೆ. ಈ ಕಮರಿ ಇಲ್ಲ. ರಾಷ್ಟ್ರೀಯ ಉದ್ಯಾನವಾಗುವ ಅವಕಾಶವೂ ನೀರಿನಲ್ಲೇ ಮುಳುಗಿತು. ಆದರೆ ಕಲ್ಲಿನ ವಯಸ್ಸು, ಕಟ್ಟೆಯ ಅಳತೆ, 1980ರ ಜುಲೈ ಮೂರನ್ನೂ ಒಟ್ಟಿಗೆ ಹೇಳುವ ಒಂದು ಕನ್ನಡ ಫಲಕಕ್ಕೆ ಯಾವ ಪಟ್ಟಿಯೂ ಬೇಕಿಲ್ಲ. ಸವದತ್ತಿಯ ಶಾಲೆಯ ಮಗುವಿಗೆ ತನ್ನ ಊರಿನ ಹೆಸರಿನ ಕಲ್ಲೊಂದು ವಿಜ್ಞಾನದ ಪುಸ್ತಕದಲ್ಲಿದೆ ಎಂದು ಗೊತ್ತಾಗುವುದು ಕಮರಿಯ ಬದಿಯಲ್ಲೇ ಆಗಬೇಕು.