ಎಪ್ಪತ್ತು ಮೀಟರ್ ಬಯಲು ಎಲ್ಲಿದೆ?

ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿದ ನನಗೆ ಬಿಲ್ಲುಗಾರಿಕೆ ಕಲಿಯಬೇಕೆಂಬ ಹಂಬಲ ಹುಟ್ಟಿದ್ದು 2024ರಲ್ಲಿ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹರ್ವಿಂದರ್ ಸಿಂಗ್ ಚಿನ್ನ ಗೆದ್ದಾಗ, ಅವರು ಅರ್ಥಶಾಸ್ತ್ರದಲ್ಲಿ ಸಂಶೋಧನೆ ಕೈಗೊಂಡಿದ್ದವರೆಂದು ತಿಳಿದು, ಅದೇ ವಿಷಯದ ಸ್ನಾತಕೋತ್ತರ ಪದವೀಧರನಾದ ನನಗೆ ವಿಶೇಷ ಸಂತೋಷವಾಯಿತು. ಆದರೆ ಈ ಮಹಾನಗರದಲ್ಲಿ ಒಂದು ಬಿಲ್ಲುಗಾರಿಕೆ ಕ್ಲಬ್ ಹುಡುಕುವುದು ಇಷ್ಟು ಪ್ರಯಾಸದ ಕೆಲಸವೆಂದು ಊಹಿಸಿರಲಿಲ್ಲ.

ಮೊದಲು ಹೋದ ಕಡೆ, ‘ಮೊಮ್ಮಗನನ್ನು ಸೇರಿಸುತ್ತೀರಾ ಸರ್?’ ಎಂದು ಕೇಳಿದರು. ನನಗೇ ಎಂದಾಗ ಅರ್ಜಿ ನಮೂನೆ ಮೇಜಿನ ಒಳಗೆ ಹೋಯಿತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಸ್ಯಾಮ್ಯುಯೆಲ್ ಡುವಾಲ್ ಎಂಬ ಬಿಲ್ಲುಗಾರ ಬೆಳ್ಳಿ ಪದಕ ಪಡೆದಾಗ ಅವರಿಗೆ 68 ವರ್ಷವಾಗಿತ್ತು ಎಂಬುದನ್ನು ಅವರಿಗೆ ಹೇಳಬೇಕೆನಿಸಿತು, ಹೇಳಲಿಲ್ಲ. ಎರಡನೆಯ ಕಡೆ ಮೊದಲ ದಿನವೇ ಬಿಲ್ಲು, ಬಾಣ, ಬತ್ತಳಿಕೆ ಎಲ್ಲವನ್ನೂ ಅವರಿಂದಲೇ ಕೊಳ್ಳಬೇಕೆಂಬ ಷರತ್ತು. ಮೂರನೆಯದು ಕಟ್ಟಡವೊಂದರ ತಾರಸಿ. ಹತ್ತು ಹೆಜ್ಜೆಯಾಚೆ ಗುರಿಹಲಗೆ.

ಈ ಅಲೆದಾಟದಲ್ಲಿ ಒಳ್ಳೆಯ ಕ್ಲಬ್‌ನ ಲಕ್ಷಣಗಳು ತಿಳಿದವು. ಹೊಸಬರಿಗೆ ಅದು ತನ್ನದೇ ಬಿಲ್ಲನ್ನು ಬಳಸಲು ಕೊಡುತ್ತದೆ. ಅದೂ 16ರಿಂದ 20 ಪೌಂಡ್ ಎಳೆತದ ಹಗುರ ಬಿಲ್ಲು. ನಮ್ಮ ಯಾವ ಕಣ್ಣು ಪ್ರಧಾನವೆಂದು ಪರೀಕ್ಷಿಸಿದ ಮೇಲೆಯೇ ಬಿಲ್ಲು ಯಾವ ಕೈಗೆಂದು ನಿರ್ಧರಿಸುತ್ತದೆ. ಸೀಟಿಯ ಶಿಸ್ತಿನಲ್ಲಿ ರಾಜಿಯಿಲ್ಲ: ಎರಡು ಸೀಟಿಗೆ ಗೆರೆಯ ಬಳಿ ಬರಬೇಕು, ಒಂದಕ್ಕೆ ಬಾಣ ಬಿಡಬೇಕು, ಮೂರು ಸೀಟಿ ಆದ ಮೇಲಷ್ಟೇ ಬಾಣ ಹೆಕ್ಕಲು ಹೋಗಬೇಕು. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಒಬ್ಬನ ಕೈಗೆಟುಕದ ಸ್ಥಿರ ವೆಚ್ಚವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯೇ ಕ್ಲಬ್. ಬಿಲ್ಲನ್ನು ಹಂಚಿಕೊಳ್ಳಬಹುದು, ತರಬೇತುದಾರರ ಸಂಭಾವನೆಯನ್ನೂ ಹಂಚಿಕೊಳ್ಳಬಹುದು. ಆದರೆ ಚದರಡಿ ಲೆಕ್ಕದಲ್ಲಿ ಮಾರಾಟವಾಗುವ ನಗರದಲ್ಲಿ ನೆಲ ಯಾರ ವಂತಿಗೆಗೂ ನಿಲುಕದು. ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರನಿಗೂ ಗುರಿಗೂ ನಡುವಿನ ಅಂತರ 70 ಮೀಟರ್. ಆ ಗುರಿಯ ಹಿಂದೆಯೂ ಸುರಕ್ಷತೆಗಾಗಿ ಬಯಲು ಬೇಕು.

ಬಯಲು ಎಂದೊಡನೆ ನೆನಪಾಗುವುದು ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ. 1980ರ ದಶಕದ ನಡುವೆ, ಸೇವೆಯ ಆರಂಭದ ವರ್ಷಗಳಲ್ಲಿ, ಜಮೀನು ಪರಿಶೀಲನೆಗೆಂದು ಆ ಕಡೆ ಹೋಗಿದ್ದೆ. ದೂರದಲ್ಲಿ ಬಾಬಾಬುಡನ್ ಗಿರಿಸಾಲು, ಇತ್ತ ಮದಗದ ಕೆರೆ, ನಡುವೆ ಕುರುಚಲು ಹಬ್ಬಿದ ವಿಶಾಲ ನೆಲ. ದನ ಮೇಯಿಸುತ್ತಿದ್ದ ಹುಡುಗನೊಬ್ಬ ಬಿದಿರಿನ ಸೀಳಿಗೆ ಕತ್ತಾಳೆ ನಾರಿನ ಹೆದೆ ಕಟ್ಟಿ, ಪೊದೆಗೆ ಸಿಕ್ಕಿಸಿದ ತೆಂಗಿನ ಚಿಪ್ಪಿಗೆ ಗುರಿಯಿಡುತ್ತಿದ್ದ. ಕೇಳಿ ಪಡೆದು ನಾನೂ ಹೂಡಿದೆ. ಬಾಣ ನನ್ನ ಕಾಲ ಬಳಿಯೇ ಬಿತ್ತು. ‘ಬಾಣ ನೋಡ್ಬ್ಯಾಡಿ ಸ್ವಾಮಿ, ಚಿಪ್ಪು ನೋಡಿ’ ಎಂದು ನಕ್ಕ. ಅವನಿಗೆ ಸೀಟಿಯಿರಲಿಲ್ಲ, ಗುರುವಿರಲಿಲ್ಲ. ಬಯಲು ಮಾತ್ರ ಬೇಕಾದಷ್ಟಿತ್ತು.

ಅಂಥ ನೆಲವನ್ನು ನಮ್ಮ ಕಡತಗಳು ‘ಬಂಜರು’, ‘ಖರಾಬು’ ಎಂದು ಕರೆಯುತ್ತಿದ್ದವು. ಆ ಭಾಷೆ ನನ್ನ ಕೈಗೂ ಅಂಟಿತು. ಹಲವು ವರ್ಷಗಳ ನಂತರ, ಬಡಾವಣೆಯೊಂದರ ಮೈದಾನದ ಒಂದು ಪಾರ್ಶ್ವವನ್ನು ಕಟ್ಟಡಕ್ಕೆ ಬಿಟ್ಟುಕೊಡುವ ಪ್ರಸ್ತಾವ ಬಂದಾಗ, ‘ಸದರಿ ಜಾಗವು ನಿರುಪಯುಕ್ತವಾಗಿ ಬಿದ್ದಿದೆ’ ಎಂದು ಟಿಪ್ಪಣಿ ಬರೆದವನು ನಾನೇ. ಸ್ಥಳಕ್ಕೆ ಹೋಗಿ ನೋಡಿರಲಿಲ್ಲ. ಉದ್ಯಾನ, ಆಟದ ಮೈದಾನ ಹಾಗೂ ಬಯಲು ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಅಧಿನಿಯಮವಿದೆ. ಅದನ್ನು ಬಲ್ಲ ಅಧಿಕಾರಿಯೇ ಹಾಗೆ ಬರೆದದ್ದು ಇಂದಿಗೂ ಚುಚ್ಚುತ್ತದೆ.

ಕೊನೆಗೂ ನನಗೊಂದು ಕ್ಲಬ್ ದೊರೆತಿದೆ. ಹಳೆಯ ಬಡಾವಣೆಯೊಂದರ ಮೈದಾನದ ಬೇಲಿ ಹಾಕಿದ ಮೂಲೆ, ಹಿಂದೆ ಮಣ್ಣಿನ ದಿಬ್ಬ, ಅದರ ಮೇಲೆ ಬಲೆ. ಭಾನುವಾರ ಬೆಳಗ್ಗೆ ಶಾಲಾ ಮಕ್ಕಳು, ಬ್ಯಾಂಕ್ ಉದ್ಯೋಗಿ, ಆಟೊ ಚಾಲಕರ ಮಗಳು ಮತ್ತು ನಾನು ಒಂದೇ ಗೆರೆಯ ಮೇಲೆ ನಿಲ್ಲುತ್ತೇವೆ. ಅಲ್ಲಿರುವುದು 30 ಮೀಟರ್ ಮಾತ್ರ. ಭಾರತೀಯ ಸುತ್ತಿನ ಸ್ಪರ್ಧೆಗಳಲ್ಲಿ ಬಳಕೆಯಾಗುವ ಬಿದಿರಿನ ಬಿಲ್ಲೇ ನನ್ನದೂ. ನನ್ನ ಹೆಚ್ಚಿನ ಬಾಣಗಳು ಹಲಗೆಯ ಅಂಚಿನಲ್ಲೇ ನಾಟುತ್ತವೆ. ಆದರೂ ವಾರವಿಡೀ ಆ ದಿನಕ್ಕಾಗಿ ಕಾಯುತ್ತೇನೆ.

ಈಗ ಆ ಮೂಲೆಯಲ್ಲಿ ವಾಹನ ನಿಲುಗಡೆಯ ಕಟ್ಟಡ ಬರಲಿದೆ ಎಂಬ ಮಾತು ಕೇಳಿಬಂದಿದೆ. ‘ನೀವು ಅಧಿಕಾರಿಯಾಗಿದ್ದವರು, ಒಂದು ಮನವಿ ಬರೆದುಕೊಡಿ ಅಂಕಲ್’ ಎಂದು ಆಟೊ ಚಾಲಕರ ಮಗಳು ಕೇಳಿದಳು. ಬರೆಯಲು ಕುಳಿತಾಗ ನನ್ನ ಹಳೆಯ ಟಿಪ್ಪಣಿಯ ವಾಕ್ಯವೇ ಕಣ್ಣ ಮುಂದೆ ಬಂತು. ಮನವಿಯ ಮೊದಲ ಸಾಲನ್ನು ಹೀಗೆ ಬರೆದೆ: ‘ಸದರಿ ಜಾಗವು ಉಪಯೋಗದಲ್ಲಿದೆ, ದಯವಿಟ್ಟು ಭಾನುವಾರ ಬೆಳಗ್ಗೆ ಬಂದು ನೋಡುವುದು.’